ಸುದ್ದಿ ಬರೆಯುವುದು, ಸುದ್ದಿ ಓದುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಪತ್ರಿಕೆ, ರೇಡಿಯೊ, ಟಿ.ವಿ.ಗೆ ಕನ್ನಡದಲ್ಲಿ ಸುದ್ದಿ ಬರೆಯಲು, ಓದಲು ಕಲಿಯುತ್ತಿರುವವರು ಮಾತಿನ ನಡುವೆ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಕೇಳಿದವರ ಮಾತನ್ನು ಹಾಗೇ ಇಟ್ಟುಕೊಂಡಿದ್ದೇವೆ. ಮೊದಲ ಭಾಗ ತೀರ ಹೊಸಬರಿಗೆ. ಮುಂದೆ ಹೋದಂತೆ ಕೆಲಸಕ್ಕೆ ಸೇರಿದವರಿಗೆ ಎದುರಾಗುವ ತೊಡಕುಗಳು ಬರುತ್ತವೆ.

## ಶುರು ಮಾಡುವವರಿಗೆ

ನಾನು ಜರ್ನಲಿಸಂ ಓದಿಲ್ಲ. ಪತ್ರಿಕೆಗೋ ಚಾನೆಲ್‌ಗೋ ಸೇರಬಹುದಾ?

ಸೇರಬಹುದು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮದ ಪಾಠ ಶುರುವಾಗಿದ್ದು 1951ರಲ್ಲಿ. ಅದಕ್ಕೂ ನೂರು ವರ್ಷ ಮೊದಲೇ, 1843ರ ಜುಲೈ 1ರಂದು, ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ ಹೊರಬಂದಿತ್ತು. ಇವತ್ತಿಗೂ ಡೆಸ್ಕ್‌ಗಳಲ್ಲಿ (ವರದಿ ತಿದ್ದಿ ಪುಟಕ್ಕೆ ಹಾಕುವ ವಿಭಾಗಗಳಲ್ಲಿ) ಕನ್ನಡ ಎಂ.ಎ. ಮಾಡಿದವರು, ವಿಜ್ಞಾನ ಓದಿದವರು, ಕಾನೂನು ಓದಿದವರು ಇದ್ದಾರೆ. ಕೋರ್ಸ್‌ನಿಂದ ಮಾಧ್ಯಮ ಕಾನೂನಿನ ಪರಿಚಯ ಮತ್ತು ಇಂಟರ್ನ್‌ಶಿಪ್‌ನ ದಾರಿ ಸಿಗುತ್ತದೆ. ಬರವಣಿಗೆಯನ್ನು ಮಾತ್ರ ನೀವೇ ಕೂತು ರೂಢಿಸಿಕೊಳ್ಳಬೇಕು.

ತರಬೇತಿ ಹುದ್ದೆಯ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ನಾಲ್ಕು ಬಗೆಯ ಕೆಲಸ ಕೊಡುತ್ತಾರೆ: ಇಂಗ್ಲಿಷ್ ಏಜೆನ್ಸಿ ಸುದ್ದಿಯ ಅನುವಾದ, ತಪ್ಪು ತುಂಬಿದ ವರದಿಯ ತಿದ್ದುವಿಕೆ, ಶೀರ್ಷಿಕೆ ಕೊಡುವುದು, ರಾಜ್ಯದ ರಾಜಕೀಯ ಮತ್ತು ಭೂಗೋಳದ ಸಾಮಾನ್ಯ ಜ್ಞಾನ. ಹೆಚ್ಚಿನವರು ಎಡವುವುದು ಕೊನೆಯದರಲ್ಲಿ. ಯಾವ ತಾಲ್ಲೂಕು ಯಾವ ಜಿಲ್ಲೆಯಲ್ಲಿದೆ, ಯಾವ ನದಿಗೆ ಯಾವ ಅಣೆಕಟ್ಟು, ಜಿಲ್ಲಾಧಿಕಾರಿಗೂ ಜಿಲ್ಲಾ ಪಂಚಾಯಿತಿ ಸಿಇಒಗೂ ಕೆಲಸದಲ್ಲಿ ಏನು ವ್ಯತ್ಯಾಸ ಎಂಬುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ.

ಇಂಟ್ರೋ ಹೇಗೆ ಬರೀಬೇಕು? ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಲ್ಲವೂ ಮೊದಲ ವಾಕ್ಯದಲ್ಲೇ ಬರಬೇಕಾ?

ಬೇಡ. ಇಂಟ್ರೋ ಎಂದರೆ ವರದಿಯ ಆರಂಭದ ಸಾಲು. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಆರೂ ಉತ್ತರಗಳನ್ನು ಒಂದೇ ವಾಕ್ಯಕ್ಕೆ ತುರುಕಿದರೆ ಏನಾಯಿತು ಎಂದು ತಿಳಿಯುವ ಹೊತ್ತಿಗೆ ಓದುಗರು ಮೊದಲಿನದನ್ನು ಮರೆತಿರುತ್ತಾರೆ. ಅಭ್ಯಾಸಕ್ಕೆಂದು ಬರೆದ ಈ ವಾಕ್ಯ ನೋಡಿ:

“ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನ ರಾಷ್ಟ್ರೀಯ ಹೆದ್ದಾರಿಯಲ್ಲಿ ಸೋಮವಾರ ಬೆಳಗಿನ ಜಾವ ಬೆಂಗಳೂರಿನಿಂದ ದಾವಣಗೆರೆ ಕಡೆಗೆ ಹೋಗುತ್ತಿದ್ದ ಕಾರಿಗೆ ಅತಿ ವೇಗವಾಗಿ ಬಂದ ಲಾರಿಯು ಚಾಲಕನ ನಿರ್ಲಕ್ಷ್ಯದಿಂದ ಡಿಕ್ಕಿ ಹೊಡೆದ ಪರಿಣಾಮ ಕಾರಿನಲ್ಲಿದ್ದ ಇಬ್ಬರು ಸ್ಥಳದಲ್ಲೇ ಮೃತಪಟ್ಟ ಘಟನೆ ನಡೆದಿದೆ.”

ಇದನ್ನೇ ಹೀಗೆ ಬರೆಯಬಹುದು: “ಹಿರಿಯೂರು: ತಾಲ್ಲೂಕಿನ ಹೆದ್ದಾರಿಯಲ್ಲಿ ಸೋಮವಾರ ಬೆಳಗಿನ ಜಾವ ಕಾರಿಗೆ ಲಾರಿ ಡಿಕ್ಕಿಯಾಗಿ ಇಬ್ಬರು ಮೃತಪಟ್ಟರು.”

ಬಿಟ್ಟಿದ್ದು ಏನೇನು? “ಅತಿ ವೇಗ”, “ನಿರ್ಲಕ್ಷ್ಯ” ಎರಡೂ ಆರೋಪಗಳು. ನೀವು ಅಲ್ಲಿ ನಿಂತು ನೋಡಿಲ್ಲ. ಪೊಲೀಸರೋ ಪ್ರತ್ಯಕ್ಷದರ್ಶಿಯೋ ಹೇಳಿದ್ದರೆ ಅವರ ಹೆಸರಿನಲ್ಲೇ ಕೆಳಗೆ ಬರಲಿ. “ಘಟನೆ ನಡೆದಿದೆ” ಎಂಬ ಬಾಲ ಯಾವ ಹೊಸ ವಿಷಯವನ್ನೂ ಹೇಳುವುದಿಲ್ಲ. ಕಾರು ಎಲ್ಲಿಂದ ಎಲ್ಲಿಗೆ ಹೊರಟಿತ್ತು ಎಂಬುದು ಎರಡನೇ ಪ್ಯಾರಾದ ವಿಷಯ. ಮೊದಲ ವಾಕ್ಯದಲ್ಲಿ ಏನಾಯಿತು, ಎಲ್ಲಿ, ಯಾರಿಗೆ ಎಂಬ ಮೂರು ಇದ್ದರೆ ಸಾಕು. ಹದಿನೈದು ಪದ ದಾಟುತ್ತಿದೆ ಅನ್ನಿಸಿದರೆ ಒಡೆಯಿರಿ.

ಮುಖ್ಯವಾದದ್ದು ಮೇಲೆ, ಉಳಿದದ್ದು ಕೆಳಗೆ ಅನ್ನೋ ನಿಯಮ ಈಗಲೂ ಬೇಕಾ?

ದಿನದ ಸುದ್ದಿಗೆ ಬೇಕೇ ಬೇಕು. ರಾತ್ರಿ ಪುಟಕ್ಕೆ ಜಾಹೀರಾತು ಬಂದರೆ ಡೆಸ್ಕ್‌ನವರು ನಿಮ್ಮ ವರದಿಯನ್ನು ಕೆಳಗಿನಿಂದ ಕತ್ತರಿಸುತ್ತಾರೆ. ಕೊನೆಯ ಎರಡು ಪ್ಯಾರಾ ಹೋದರೂ ವರದಿ ನಿಲ್ಲುವಂತಿರಬೇಕು. ನುಡಿಚಿತ್ರಕ್ಕೆ (ಫೀಚರ್‌ಗೆ), ವಿಶೇಷ ವರದಿಗೆ ಈ ಕಟ್ಟುಪಾಡಿಲ್ಲ.

ಹೆಸರು, ಊರು ಪರೀಕ್ಷಿಸೋದು ಅಷ್ಟು ದೊಡ್ಡ ವಿಷಯಾನಾ?

ಸುದ್ದಿಮನೆಯಲ್ಲಿ ಇದಕ್ಕಿಂತ ದೊಡ್ಡದು ಇಲ್ಲ. ಹೆಸರೇ ತಪ್ಪಾದರೆ ಆ ಮನೆಯವರು ನಿಮ್ಮ ಉಳಿದ ಒಂದು ಸಾಲನ್ನೂ ನಂಬುವುದಿಲ್ಲ.

ಊರಿನ ಹೆಸರಿನ ಗೊಂದಲಕ್ಕೆ ವಿಜಯಪುರವೇ ಒಳ್ಳೆಯ ಉದಾಹರಣೆ. ಬಿಜಾಪುರ 2014ರ ನವೆಂಬರ್ 1ರಂದು ವಿಜಯಪುರವಾಯಿತು. ದೇವನಹಳ್ಳಿ ತಾಲ್ಲೂಕಿನಲ್ಲೂ ಒಂದು ವಿಜಯಪುರ ಪಟ್ಟಣ ಇದೆ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆಗೆ ಹೊಸಪೇಟೆ ಜಿಲ್ಲಾ ಕೇಂದ್ರ. ಬೆಂಗಳೂರಿನಲ್ಲಿ ವಿಜಯನಗರ ಎಂಬ ಬಡಾವಣೆಯೂ ಇದೆ. “ವಿಜಯಪುರದಲ್ಲಿ ಮಳೆ” ಎಂದು ಬರೆದು ಕಳಿಸಿದರೆ ಡೆಸ್ಕ್‌ನವರು ಯಾವ ಪುಟಕ್ಕೆ ಹಾಕಬೇಕು? ಊರಿನ ಜೊತೆಗೆ ತಾಲ್ಲೂಕು, ಜಿಲ್ಲೆ ಬರೆಯುವ ಅಭ್ಯಾಸ ಮಾಡಿಕೊಳ್ಳಿ.

ವ್ಯಕ್ತಿಯ ಹೆಸರನ್ನು ಅವರ ಕೈಯಿಂದಲೇ ನಿಮ್ಮ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆಸಿಕೊಳ್ಳಿ. ಪೊಲೀಸರ ಇಂಗ್ಲಿಷ್ ಪ್ರಕಟಣೆ ನೋಡಿ ಕನ್ನಡಕ್ಕೆ ಇಳಿಸುವಾಗಲೇ ಹೆಚ್ಚಿನ ತಪ್ಪು ಆಗುತ್ತದೆ. ಇಂಗ್ಲಿಷ್ ಲಿಪಿಯಲ್ಲಿ ನೋಡಿದರೆ ಅದು ಕಮಲವೋ ಕಮಲಾವೋ, ಶಾಂತವೋ ಶಾಂತಾವೋ ಗೊತ್ತಾಗುವುದಿಲ್ಲ. ಹೆಸರು, ವಯಸ್ಸು, ಹುದ್ದೆ, ಊರು, ಮೊತ್ತ ಈ ಐದಕ್ಕೂ ಕಳಿಸುವ ಮುನ್ನ ಪೆನ್ಸಿಲ್‌ನಿಂದ ಸುತ್ತು ಹಾಕಿ ಒಂದೊಂದಾಗಿ ಟಿಪ್ಪಣಿಯ ಜೊತೆ ತಾಳೆ ನೋಡಿ.

## ಪತ್ರಿಕೆಗೆ ಬರೆಯುವಾಗ

ಪ್ರೆಸ್‌ನೋಟ್ ಬಂದರೆ ತಿದ್ದಿ ಹಾಕಿದರೆ ಸಾಕಲ್ವಾ?

ಪ್ರಕಟಣೆ ಬರೆದವರಿಗೆ ಮುಖ್ಯವಾದದ್ದು ವೇದಿಕೆ. ಓದುಗರಿಗೆ ಮುಖ್ಯವಾದದ್ದು ಬಹುಪಾಲು ಕೊನೆಯ ಪ್ಯಾರಾದಲ್ಲಿ ಅಡಗಿರುತ್ತದೆ. ಸಚಿವರು ದೀಪ ಬೆಳಗಿದ್ದು, ಅಧ್ಯಕ್ಷತೆ ವಹಿಸಿದ್ದು, ಗಣ್ಯರು ಉಪಸ್ಥಿತರಿದ್ದದ್ದು ಮುಗಿದ ಮೇಲೆ “ಮುಂದಿನ ತಿಂಗಳಿನಿಂದ ತಾಲ್ಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್” ಎಂಬ ಸಾಲು ಸಿಗುತ್ತದೆ. ಅದೇ ನಿಮ್ಮ ಇಂಟ್ರೋ. ನಂತರ ಒಂದು ಫೋನ್ ಮಾಡಿ: ಯಂತ್ರ ಎಷ್ಟು, ತಂತ್ರಜ್ಞರ ನೇಮಕ ಆಗಿದೆಯೇ, ಉಚಿತವೇ? ಈ ಮೂರು ಉತ್ತರ ಸೇರಿದರೆ ಪ್ರಕಟಣೆ ವರದಿಯಾಗುತ್ತದೆ.

‘ಎಂದರು’, ‘ಹೇಳಿದರು’, ‘ತಿಳಿಸಿದರು’ ಒಂದನ್ನೇ ಎಷ್ಟು ಸಲ ಬಳಸೋದು? ಬೇಸರ ಆಗಲ್ವಾ?

ಓದುಗರಿಗೆ ಆಗುವುದಿಲ್ಲ. “ಹೇಳಿದರು”, “ಎಂದರು” ಕಣ್ಣಿಗೆ ಬೀಳದೆ ಸರಿದುಹೋಗುತ್ತವೆ. ತೊಂದರೆ ಬರುವುದು ಬದಲಾವಣೆಗೆಂದು ಬೇರೆ ಪದ ಹುಡುಕಿದಾಗ. “ಒಪ್ಪಿಕೊಂಡರು” ಎಂದರೆ ತಪ್ಪು ಮಾಡಿದ್ದಾರೆ ಎಂದಾಯಿತು. “ಸ್ಪಷ್ಟಪಡಿಸಿದರು” ಎಂದರೆ ಅವರು ಹೇಳಿದ್ದೇ ಸರಿ ಎಂದು ನೀವು ಮುದ್ರೆ ಒತ್ತಿದಂತೆ. “ಬಹಿರಂಗಪಡಿಸಿದರು” ಎಂದರೆ ಅದು ನಿಜ, ಇದುವರೆಗೆ ಮುಚ್ಚಿಟ್ಟಿದ್ದರು ಎಂಬ ಅರ್ಥ ಬರುತ್ತದೆ. “ಕಿಡಿಕಾರಿದರು”, “ಗುಡುಗಿದರು” ಸುದ್ದಿಗೆ ಬೇಡವೇ ಬೇಡ.

ಇನ್ನೊಂದು ಎಚ್ಚರ. ಮೂರು ಪ್ಯಾರಾ ಭಾಷಣ ಬರೆದು ಕೊನೆಯಲ್ಲಿ ಒಂದೇ “ಎಂದರು” ಹಾಕಿದರೆ, ಅಲ್ಲಿಯವರೆಗೆ ಅದು ನಿಮ್ಮದೇ ಅಭಿಪ್ರಾಯದಂತೆ ಕಾಣುತ್ತದೆ. ಮೊದಲ ವಾಕ್ಯದಲ್ಲೇ ಮಾತನಾಡಿದವರ ಹೆಸರು ಬರಲಿ.

ಇಂಗ್ಲಿಷ್ ಏಜೆನ್ಸಿ ಸುದ್ದಿ ಅನುವಾದಿಸಿದರೆ ಕನ್ನಡ ಅನ್ನಿಸೋದೇ ಇಲ್ಲ. ಏನು ಮಾಡಲಿ?

ವಾಕ್ಯ ವಾಕ್ಯವಾಗಿ ಅನುವಾದಿಸಬೇಡಿ. ಪಿಟಿಐ ಸುದ್ದಿಸಂಸ್ಥೆಯ ಪ್ರತಿಯನ್ನು ಪೂರ್ತಿ ಓದಿ, ಪರದೆಯಿಂದ ಕಣ್ಣು ತೆಗೆದು, ಪಕ್ಕದ ಸಹೋದ್ಯೋಗಿಗೆ ಸುದ್ದಿಯನ್ನು ಬಾಯಲ್ಲಿ ಹೇಳಿ. ಹೇಳಿದ ಕ್ರಮದಲ್ಲೇ ಬರೆಯಿರಿ. ಅಂಕಿ, ಹೆಸರಿಗಷ್ಟೇ ಮತ್ತೆ ಪ್ರತಿ ನೋಡಿ.

ಅಂಟಿಕೊಳ್ಳುವ ಜಾಡ್ಯಗಳು ಕೆಲವು ಇವೆ. “ನ್ಯಾಯಾಲಯದಿಂದ ಆದೇಶ ಹೊರಡಿಸಲ್ಪಟ್ಟಿತು” ಎಂದು ಕನ್ನಡಿಗರು ಮಾತನಾಡುವುದಿಲ್ಲ. “ನ್ಯಾಯಾಲಯ ಆದೇಶಿಸಿತು” ಎನ್ನುತ್ತಾರೆ. “ಯಾವ… ಅವರು” ಎಂದು ಜೋಡಿಸಿದ ವಾಕ್ಯವನ್ನು ಎರಡು ಮಾಡಿ. “ಕಾರ್ಯಾಚರಣೆಯನ್ನು ನಡೆಸಲಾಗುತ್ತಿದೆ” ಎಂದರೆ ಯಾರು ನಡೆಸುತ್ತಿದ್ದಾರೆ? ಕರ್ತೃವನ್ನು ಬಚ್ಚಿಡುವ “ಲಾಗಿದೆ” ಸರ್ಕಾರಿ ಕಚೇರಿಯ ಕನ್ನಡ. ಮರ ಕಡಿಯಲಾಗಿದೆ ಎಂದರೆ ಸಾಲದು, ಕಡಿದವರು ಯಾರೆಂದು ಓದುಗರಿಗೆ ತಿಳಿಯಬೇಕು.

ಅಂಕಿಅಂಶ ಬಂದರೆ ಭಯ. ಜಲಾಶಯದ ಸುದ್ದಿ, ಫಲಿತಾಂಶದ ಸುದ್ದಿ ಹೇಗೆ ಬರೆಯೋದು?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕನ್ನಡ ಪತ್ರಕರ್ತರು ಪ್ರತಿದಿನ ಬರೆಯುವ ಅಂಕಿಗಳು ಜಲಾಶಯದವು. ತಪ್ಪೂ ಅಲ್ಲೇ ಹೆಚ್ಚು. ಟಿಎಂಸಿ ಅಡಿ ಎಂಬುದು ಸಂಗ್ರಹದ ಅಳತೆ, ಅಂದರೆ ನೂರು ಕೋಟಿ ಘನ ಅಡಿ. ಕ್ಯುಸೆಕ್ ಹರಿವಿನ ಅಳತೆ, ಸೆಕೆಂಡಿಗೆ ಒಂದು ಘನ ಅಡಿ. “20 ಸಾವಿರ ಕ್ಯುಸೆಕ್ ನೀರು ಸಂಗ್ರಹವಾಗಿದೆ” ಎಂಬ ವಾಕ್ಯಕ್ಕೆ ಅರ್ಥವೇ ಇಲ್ಲ. 11,574 ಕ್ಯುಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ ಅಡಿ ಆಗುತ್ತದೆ. ಈ ಒಂದು ಸಂಖ್ಯೆಯನ್ನು ಮೇಜಿನ ಮೇಲೆ ಅಂಟಿಸಿಟ್ಟುಕೊಳ್ಳಿ. ಒಂದು ಲಕ್ಷ ಕ್ಯುಸೆಕ್ ಒಳಹರಿವು ಎಂದರೆ ದಿನಕ್ಕೆ ಸುಮಾರು 8.64 ಟಿಎಂಸಿ ಅಡಿ ಎಂದು ಆಗಲೇ ಲೆಕ್ಕ ಹಾಕಬಹುದು.

ಮಟ್ಟ ಮತ್ತು ಪ್ರಮಾಣವೂ ಒಂದಲ್ಲ. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ. ನೀರು 110 ಅಡಿಗೆ ಬಂದರೆ ಲೆಕ್ಕದಲ್ಲಿ ಎತ್ತರ ಶೇ 88ರಷ್ಟು. ಹಾಗೆಂದು ಶೇ 88ರಷ್ಟು ನೀರಿದೆ ಎಂದು ಬರೆದರೆ ದೊಡ್ಡ ತಪ್ಪು. ಜಲಾಶಯ ತಳದಲ್ಲಿ ಕಿರಿದು, ಮೇಲೆ ಅಗಲ. ಕೊನೆಯ ಕೆಲವು ಅಡಿಗಳಲ್ಲೇ ಹೆಚ್ಚು ನೀರು ನಿಲ್ಲುತ್ತದೆ. ಆದ್ದರಿಂದ ಮಟ್ಟದ ಜೊತೆಗೆ ಸಂಗ್ರಹವನ್ನೂ ಟಿಎಂಸಿಯಲ್ಲಿ ಕೊಡಿ, ಹೋದ ವರ್ಷ ಇದೇ ದಿನ ಎಷ್ಟಿತ್ತು ಎಂಬುದನ್ನೂ ಸೇರಿಸಿ. ಅಲ್ಮಟ್ಟಿಯ ಮಟ್ಟ ಮೀಟರ್‌ನಲ್ಲಿ (ಗರಿಷ್ಠ 519.60), ತುಂಗಭದ್ರಾದ್ದು ಅಡಿಯಲ್ಲಿ (ಗರಿಷ್ಠ 1,633) ಬರುತ್ತದೆ. ಕೋಷ್ಟಕದಲ್ಲಿ ಏಕಮಾನ ಬರೆಯದೆ ಬಿಡಬೇಡಿ.

ಫಲಿತಾಂಶದ ಸುದ್ದಿಯಲ್ಲಿ ಒಂದೇ ನಿಯಮ: ತೇರ್ಗಡೆ ಪ್ರಮಾಣ ಶೇ 60ರಿಂದ ಶೇ 66ಕ್ಕೆ ಹೋದರೆ ಏರಿಕೆ 6 ಶೇಕಡಾವಾರು ಅಂಶ, ಶೇ 6 ಅಲ್ಲ. ಶೇಕಡಾವಾರು ಲೆಕ್ಕದಲ್ಲಿ ಅದು ಶೇ 10ರ ಏರಿಕೆ. ಗೊಂದಲವಾದರೆ ಎರಡೂ ವರ್ಷದ ಅಂಕಿ ಕೊಟ್ಟು ಸುಮ್ಮನಿರಿ.

ಶೀರ್ಷಿಕೆಗೆ ಏನಾದರೂ ಸೂತ್ರ ಇದೆಯಾ?

ವರದಿಯಲ್ಲಿ ಇಲ್ಲದ್ದು ಶೀರ್ಷಿಕೆಯಲ್ಲಿ ಇರಬಾರದು. ಇದೇ ಮೊದಲ ಸೂತ್ರ. ಎರಡು ಕಾಲಂಗೆ ನಾಲ್ಕೈದು ಪದ ಸಿಗುತ್ತದೆ. ಕನ್ನಡದಲ್ಲಿ ಕ್ರಿಯಾಪದ ಬಿಟ್ಟು ಕ್ರಿಯೆಯ ಹೆಸರು ಇಟ್ಟರೆ ಜಾಗ ಉಳಿಯುತ್ತದೆ: “ಲಾರಿ ಡಿಕ್ಕಿ: ಇಬ್ಬರ ಸಾವು”. ಆರೋಪವಿದ್ದರೆ “ಆರೋಪ” ಎಂಬ ಪದ ಶೀರ್ಷಿಕೆಯಲ್ಲೇ ಬರಲಿ, ಇಲ್ಲವೇ ಒಂಟಿ ಉದ್ಧರಣ ಚಿಹ್ನೆ ಹಾಕಿ ಹೇಳಿದವರ ಹೆಸರು ಕೊಡಿ. ಎರಡು ಸಾಲಿನ ಶೀರ್ಷಿಕೆಯಲ್ಲಿ ವಿಭಕ್ತಿಯನ್ನು ಪದದಿಂದ ಕಿತ್ತು ಕೆಳಗಿನ ಸಾಲಿಗೆ ಹಾಕಬಾರದು. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸು, ತಲೆಕಟ್ಟುಗಳಿಗೆ ತಾಗುತ್ತಿದೆಯೇ ಎಂದು ಮುದ್ರಣಕ್ಕೆ ಹೋಗುವ ಮುನ್ನ ನೋಡಿ. ಇಂಗ್ಲಿಷ್ ವಿನ್ಯಾಸದ ಸಾಲಂತರ ಕನ್ನಡಕ್ಕೆ ಸಾಲುವುದಿಲ್ಲ.

ನುಡಿಯಲ್ಲಿ ಟೈಪ್ ಮಾಡಿದ್ದು ಆಫೀಸಿಗೆ ಹೋದಾಗ ಅಕ್ಷರ ಎಲ್ಲ ಚೆಲ್ಲಾಪಿಲ್ಲಿ. ಯಾಕೆ?

ನೀವು ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದೀರಿ, ಅವರು ಎಲ್ಲ ಕಂಪ್ಯೂಟರುಗಳಲ್ಲೂ ನಡೆಯುವ ಯೂನಿಕೋಡ್‌ನಲ್ಲಿ ತೆರೆದಿದ್ದಾರೆ ಅಥವಾ ಅದರ ತಿರುಗುಮುರುಗು ಆಗಿದೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ ಕಳಿಸಿ, ಪರಿವರ್ತನೆಯನ್ನು ಪುಟ ಕಟ್ಟುವವರಿಗೆ ಬಿಡಿ. ಪರಿವರ್ತನೆ ಆದ ಮೇಲೆ ಅರ್ಕಾವತ್ತು, ಅಂಕಿಗಳು, ಉದ್ಧರಣ ಚಿಹ್ನೆ ಈ ಮೂರು ಕಡೆ ತಪ್ಪದೆ ಕಣ್ಣಾಡಿಸಿ, ಕೆಡುವುದು ಅಲ್ಲೇ. “ತಾಲ್ಲೂಕು” ಬರೆಯಬೇಕೋ “ತಾಲೂಕು” ಬರೆಯಬೇಕೋ ಎಂಬಂಥದ್ದು ಆಯಾ ಪತ್ರಿಕೆಯ ಶೈಲಿ. ಸೇರಿದ ಮೊದಲ ವಾರದಲ್ಲೇ ಪಟ್ಟಿ ಮಾಡಿಕೊಳ್ಳಿ.

## ರೇಡಿಯೊ, ಟಿ.ವಿ.ಗೆ ಬರೆಯುವಾಗ

ಪತ್ರಿಕೆಗೆ ಬರೆದದ್ದನ್ನೇ ರೇಡಿಯೊದಲ್ಲಿ ಓದಿದರೆ ಆಗಲ್ವಾ?

ಆಗುವುದಿಲ್ಲ. ಪತ್ರಿಕೆಯ ಓದುಗರು ಅರ್ಥವಾಗದಿದ್ದರೆ ಹಿಂದಿನ ಸಾಲಿಗೆ ಹೋಗುತ್ತಾರೆ. ಕೇಳುಗರಿಗೆ ಆ ಅವಕಾಶ ಇಲ್ಲ. ಒಂದೇ ಸುದ್ದಿಯನ್ನು ಮೂರು ಬಗೆಯಲ್ಲಿ ನೋಡೋಣ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟ್‌ಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತು.

ಪತ್ರಿಕೆಗೆ: “ಹೊಸಪೇಟೆ: ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಶನಿವಾರ ರಾತ್ರಿ ಚೈನ್ ತುಂಡಾಗಿ ನೀರಿನಲ್ಲಿ ಕೊಚ್ಚಿಹೋಗಿದ್ದು, ನದಿಪಾತ್ರದ ಜನರು ಎಚ್ಚರದಿಂದಿರಬೇಕಾಗಿದೆ.”

ರೇಡಿಯೊಗೆ: “ತುಂಗಭದ್ರಾ ನದಿಪಾತ್ರದ ಜನ ಎಚ್ಚರದಿಂದ ಇರಬೇಕು. ಜಲಾಶಯದ ಒಂದು ಗೇಟ್ ನಿನ್ನೆ ರಾತ್ರಿ ಕೊಚ್ಚಿಹೋಗಿದೆ. ಗೇಟನ್ನು ಹಿಡಿದಿದ್ದ ಚೈನ್ ತುಂಡಾಗಿದ್ದೇ ಇದಕ್ಕೆ ಕಾರಣ.”

ರೇಡಿಯೊ ಪ್ರತಿಯಲ್ಲಿ ಮೊದಲು ಬಂದದ್ದು ಕೇಳುಗರು ಏನು ಮಾಡಬೇಕು ಎಂಬುದು. ಗೇಟ್‌ನ ಸಂಖ್ಯೆ ಮೊದಲ ವಾಕ್ಯಗಳಲ್ಲಿ ಇಲ್ಲ. ಒಂದು ವಾಕ್ಯಕ್ಕೆ ಒಂದೇ ವಿಷಯ. “ಶನಿವಾರ ರಾತ್ರಿ” ಹೋಗಿ “ನಿನ್ನೆ ರಾತ್ರಿ” ಬಂತು.

ಟಿ.ವಿ.ಯಲ್ಲಿ ನೀರು ನುಗ್ಗುತ್ತಿರುವುದು ಕಾಣುತ್ತಿರುತ್ತದೆ. ಆದ್ದರಿಂದ “ನೀರು ಭೋರ್ಗರೆಯುತ್ತಿದೆ” ಎಂದು ಓದುವುದು ದಂಡ. ಚಿತ್ರದಲ್ಲಿ ಕಾಣದ್ದನ್ನು ಹೇಳಿ: “ಎಡಕ್ಕೆ ಕಾಣುತ್ತಿರುವ ಖಾಲಿ ಜಾಗವೇ 19ನೇ ಗೇಟ್. ಇಂಥ 33 ಗೇಟ್‌ಗಳು ಇಲ್ಲಿವೆ.” ಇಷ್ಟಕ್ಕೂ ಎಡಕ್ಕೋ ಬಲಕ್ಕೋ ಎಂಬುದನ್ನು ದೃಶ್ಯ ನೋಡಿಯೇ ಬರೆಯಬೇಕು. ದೃಶ್ಯ ನೋಡದೆ ಬರೆದ ಸ್ಕ್ರಿಪ್ಟ್ ಹತ್ತರಲ್ಲಿ ಒಂಬತ್ತು ಸಲ ಚಿತ್ರಕ್ಕೆ ಹೊಂದುವುದಿಲ್ಲ.

ಮಾತನ್ನು ಉಲ್ಲೇಖಿಸುವಾಗಲೂ ಕಿವಿಯನ್ನೇ ನೆನೆಯಿರಿ. ಉದ್ಧರಣ ಚಿಹ್ನೆ ಕೇಳಿಸುವುದಿಲ್ಲ. ಹೇಳಿದವರು ಮೊದಲು, ಹೇಳಿದ್ದು ಆಮೇಲೆ.

ಮೂವತ್ತು ಸೆಕೆಂಡಿಗೆ ಎಷ್ಟು ಪದ ಬರೀಬೇಕು?

ಇಂಗ್ಲಿಷ್ ಪಾಠಗಳಲ್ಲಿರುವ ನಿಮಿಷಕ್ಕೆ 150 ಪದದ ಲೆಕ್ಕ ಇಲ್ಲಿ ನಡೆಯುವುದಿಲ್ಲ. “ಜಿಲ್ಲಾಧಿಕಾರಿಗಳಿಗೆ” ಎಂಬುದು ನಮಗೆ ಒಂದೇ ಪದ. ಕನ್ನಡದಲ್ಲಿ ನಿಮಿಷಕ್ಕೆ 90ರಿಂದ 110 ಪದ ಎಂದು ಇಟ್ಟುಕೊಂಡರೆ ಮೂವತ್ತು ಸೆಕೆಂಡಿಗೆ ಐವತ್ತರ ಆಸುಪಾಸು. ನಿಮ್ಮದೇ ವೇಗ ತಿಳಿಯಲು 200 ಪದದ ಸುದ್ದಿಯನ್ನು ಸಹಜವಾಗಿ ಓದಿ, ಗಡಿಯಾರ ನೋಡಿ. ಮೂರು ಬೇರೆ ಬೇರೆ ಸುದ್ದಿಗಳ ಸರಾಸರಿ ತೆಗೆಯಿರಿ. ಅಂಕಿ ಹೆಚ್ಚಿರುವ ಸುದ್ದಿ ನಿಧಾನವಾಗುತ್ತದೆ. “1,24,500” ಕಾಗದದಲ್ಲಿ ಒಂದು ಪದ, ಬಾಯಲ್ಲಿ ಐದು.

ಅಂಕಿಗಳನ್ನು ಅಕ್ಷರದಲ್ಲೇ ಬರೆಯಿರಿ, ಸಾಧ್ಯವಾದಷ್ಟು ದುಂಡಗೆ ಮಾಡಿ: “ಸುಮಾರು ಒಂದೂಕಾಲು ಲಕ್ಷ”.

ಟಿ.ವಿ. ಆಫೀಸಿನಲ್ಲಿ ಎವಿಬಿ, ಪಿಟಿಸಿ, ಫೋನೋ ಅಂತಾರೆ. ಏನಿವು?

ಆಂಕರ್ ಓದುವ ಮುನ್ನುಡಿ, ದೃಶ್ಯದ ಮೇಲಿನ ಧ್ವನಿ, ಒಬ್ಬರ ಹೇಳಿಕೆಯ ತುಣುಕು (ಬೈಟ್) ಈ ಮೂರು ಸೇರಿದರೆ ಎವಿಬಿ. ವರದಿಗಾರರು ಸ್ಥಳದಲ್ಲಿ ಕ್ಯಾಮೆರಾ ನೋಡಿ ಮಾತನಾಡಿದರೆ ಪಿಟಿಸಿ. ಫೋನಿನಲ್ಲಿ ನೇರ ಪ್ರಸಾರಕ್ಕೆ ಬಂದರೆ ಫೋನೋ. ಆಂಕರ್ ಹೇಳಿದ್ದನ್ನೇ ಧ್ವನಿಯಲ್ಲೂ, ಅದನ್ನೇ ಬೈಟ್‌ನಲ್ಲೂ ಹೇಳಿಸುವುದು ಹೊಸಬರ ಸಾಮಾನ್ಯ ತಪ್ಪು. ಬೈಟ್ ಮೊದಲು ಆರಿಸಿ, ಅದರಲ್ಲಿ ಇಲ್ಲದ್ದನ್ನು ಮಾತ್ರ ಬರೆಯಿರಿ.

ಮೊಬೈಲ್‌ನಲ್ಲೇ ಶೂಟ್ ಮಾಡಿ ಕಳಿಸಿ ಅಂತಾರೆ. ಏನು ನೋಡಿಕೊಳ್ಳಬೇಕು?

ಫೋನ್ ಅಡ್ಡ ಹಿಡಿಯಿರಿ. ಸೆಕೆಂಡಿಗೆ 25 ಫ್ರೇಮ್ ಇಡಿ, ಶಟರ್ ವೇಗ 1/50. ನಮ್ಮ ವಿದ್ಯುತ್ 50 ಹರ್ಟ್ಜ್ ಆದ್ದರಿಂದ 30 ಫ್ರೇಮ್‌ನಲ್ಲಿ ತೆಗೆದರೆ ಟ್ಯೂಬ್‌ಲೈಟ್ ಮಿನುಗಿ ಪಟ್ಟಿ ಬೀಳಬಹುದು. ಪ್ರತಿ ಶಾಟ್ ಕನಿಷ್ಠ ಹತ್ತು ಸೆಕೆಂಡ್ ಅಲುಗಾಡದೆ ಇರಲಿ: ಜಾಗ ಪೂರ್ತಿ ಕಾಣುವುದು ಒಂದು, ಜನರು ಕಾಣುವುದು ಒಂದು, ಕೈ ಅಥವಾ ಮುಖ ಹತ್ತಿರದಿಂದ ಒಂದು. ಬೈಟ್ ತೆಗೆಯುವಾಗ ಗಾಳಿಗೆ ಬೆನ್ನು ಮಾಡಿ ನಿಲ್ಲಿಸಿ, ಕಾಲರ್ ಮೈಕ್ ಬಳಸಿ. ದೃಶ್ಯ ಸ್ವಲ್ಪ ಮಂಕಾಗಿದ್ದರೆ ಡೆಸ್ಕ್ ಸಹಿಸುತ್ತದೆ, ಮಾತು ಕೇಳಿಸದಿದ್ದರೆ ಬಿಸಾಡುತ್ತದೆ.

## ಓದುವುದು, ಕ್ಯಾಮೆರಾ ಮುಂದೆ ನಿಲ್ಲುವುದು

ನನ್ನ ಉಚ್ಚಾರ ಸರಿಯಿಲ್ಲ ಅಂತಾರೆ. ತಿದ್ದಿಕೊಳ್ಳಬಹುದಾ?

ಖಂಡಿತ. ಮೊದಲು ಯಾವ ಅಕ್ಷರ ಜಾರುತ್ತಿದೆ ಎಂದು ಗುರುತಿಸಬೇಕು. ಹತ್ತು ನಿಮಿಷ ಸುದ್ದಿ ಓದಿ ರೆಕಾರ್ಡ್ ಮಾಡಿ, ಮಾರನೇ ದಿನ ಪ್ರತಿ ಕೈಯಲ್ಲಿ ಹಿಡಿದು ಕೇಳಿ. ಅದೇ ದಿನ ಕೇಳಿದರೆ ಕಿವಿ ನಿಮ್ಮ ತಪ್ಪನ್ನು ಮುಚ್ಚಿಹಾಕುತ್ತದೆ.

ಸುದ್ದಿಯಲ್ಲಿ ಅರ್ಥವನ್ನೇ ಕೆಡಿಸುವ ಜೋಡಿಗಳಿಂದ ಶುರು ಮಾಡಿ. ಬೆಳೆ–ಬೆಲೆ: “ಬೆಳೆ ಕುಸಿತ”ಕ್ಕೂ “ಬೆಲೆ ಕುಸಿತ”ಕ್ಕೂ ರೈತರ ಪಾಲಿಗೆ ಅಜಗಜಾಂತರ. ಹಳ್ಳಿ–ಹಲ್ಲಿ, ಅಣ್ಣ–ಅನ್ನ, ಧನ–ದನ, ಶಂಕರ–ಸಂಕರ, ಹಾಸನ–ಆಸನ. ಒಂದೊಂದು ಜೋಡಿಯನ್ನೂ ನಿಧಾನವಾಗಿ, ಆಮೇಲೆ ವಾಕ್ಯದೊಳಗೆ, ಆಮೇಲೆ ಸುದ್ದಿಯ ವೇಗದಲ್ಲಿ ಹೇಳಿ. ‘ಳ’, ‘ಣ’ ಹೇಳುವಾಗ ನಾಲಿಗೆಯ ತುದಿ ಮೇಲಕ್ಕೆ ಮಡಚಿ ಅಂಗುಳಕ್ಕೆ ತಾಗಬೇಕು. ‘ಲ’, ‘ನ’ಕ್ಕೆ ಹಲ್ಲಿನ ಹಿಂದೆ. ಮಹಾಪ್ರಾಣ ಬಂದಿದೆಯೇ ಎಂದು ತಿಳಿಯಲು ಅಂಗೈಯನ್ನು ಬಾಯಿಯ ಮುಂದೆ ಹಿಡಿಯಿರಿ, ಗಾಳಿ ತಾಗಬೇಕು. “ಆಹ್ವಾನ”, “ಚಿಹ್ನೆ”, “ಮಧ್ಯಾಹ್ನ”ಗಳಲ್ಲಿ ‘ಹ’ ಮೊದಲು, ಒತ್ತು ಆಮೇಲೆ.

ಅತಿ ಎಚ್ಚರವೂ ತೊಂದರೆ ಕೊಡುತ್ತದೆ. ಮಹಾಪ್ರಾಣ ಕಲಿತ ಹುರುಪಿನಲ್ಲಿ “ಆರೋಗ್ಯ”ವನ್ನು “ಆರೋಘ್ಯ” ಮಾಡುವವರಿದ್ದಾರೆ.

ನಾನು ಧಾರವಾಡ ಕಡೆಯವಳು. ಧಾಟಿ ಬಿಡಲೇಬೇಕಾ?

ಅಕ್ಷರ ಶುದ್ಧವಾಗಿದ್ದರೆ ಧಾಟಿಗೆ ಹೆದರಬೇಕಿಲ್ಲ. ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ 1950ರಿಂದಲೇ ಇದೆ. ಬುಲೆಟಿನ್ ಬರೆಯುವುದು ಶಿಷ್ಟ ಕನ್ನಡದಲ್ಲಾದರೂ ಓದುವ ಲಯದಲ್ಲಿ ಮಂಗಳೂರು, ಮೈಸೂರು, ಕಲಬುರಗಿ ಕೇಳಿಸಿದರೆ ಅದು ದೋಷವಲ್ಲ. ಬದಲಿಗೆ ಪ್ರತಿ ವಾಕ್ಯದ ಕೊನೆಯನ್ನು ಎತ್ತಿ ಹಾಡುವ, ಪ್ರತಿ ಪದಕ್ಕೂ ಒತ್ತು ಕೊಡುವ ಟಿ.ವಿ. ಅನುಕರಣೆಯನ್ನು ಬಿಡಿ.

ಓದುವಾಗ ಉಸಿರು ಸಾಲಲ್ಲ, ತಡವರಿಸ್ತೀನಿ.

ಹೆಚ್ಚು ಸಲ ತಪ್ಪು ಉಸಿರಿನದ್ದಲ್ಲ, ವಾಕ್ಯದ್ದು. ಒಂದು ಉಸಿರಿನಲ್ಲಿ ಮುಗಿಯದ ವಾಕ್ಯವನ್ನು ಒಡೆಯಲು ಸಂಪಾದಕರನ್ನು ಕೇಳಿ. ಪ್ರತಿಯನ್ನು 16–18 ಪಾಯಿಂಟ್‌ನಲ್ಲಿ, ಎರಡು ಸಾಲಿನ ಅಂತರದಲ್ಲಿ ತೆಗೆಯಿರಿ. ವಾಕ್ಯ ಪುಟದ ಕೊನೆಯಲ್ಲಿ ತುಂಡಾಗಿ ಮುಂದಿನ ಪುಟಕ್ಕೆ ಹೋಗಬಾರದು. ನಿಲ್ಲುವಲ್ಲಿ ಒಂದು ಓರೆಗೆರೆ, ಒತ್ತು ಕೊಡುವ ಪದಕ್ಕೆ ಅಡಿಗೆರೆ, ಹೊಸ ಹೆಸರಿನ ಮೇಲೆ ಉಚ್ಚಾರ. ವಾಕ್ಯಕ್ಕೆ ಒಂದೇ ಅಡಿಗೆರೆ ಸಾಕು. ಮೈಕ್ ಬಾಯಿಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಇದ್ದರೆ ‘ಪ’, ‘ಫ’, ‘ಭ’ಗಳ ಗಾಳಿ ಬಡಿಯುವುದಿಲ್ಲ. ಓದುವ ಹತ್ತು ನಿಮಿಷ ಮೊದಲು ಇಡೀ ಬುಲೆಟಿನ್ ಗಟ್ಟಿಯಾಗಿ ಓದಿ. ಮನಸ್ಸಿನಲ್ಲಿ ಓದಿದ್ದು ಲೆಕ್ಕಕ್ಕಿಲ್ಲ.

ಪ್ರಸಾರದಲ್ಲಿ ತಪ್ಪಿದರೆ? ಹೆಸರು, ಅಂಕಿ ತಪ್ಪಾದರೆ “ಕ್ಷಮಿಸಿ” ಎಂದು ಸರಿಯಾದದ್ದನ್ನು ಓದಿ ಮುಂದೆ ಹೋಗಿ. ಸಣ್ಣ ತೊದಲಿಗೆ ಕ್ಷಮೆ ಬೇಡ.

ಎಫ್‌ಎಂ ರೇಡಿಯೊದಲ್ಲಿ ಸುದ್ದಿ ಓದುವ ಕೆಲಸ ಸಿಗುತ್ತಾ?

ಖಾಸಗಿ ಎಫ್‌ಎಂಗಳು ಸ್ವಂತ ಸುದ್ದಿ ತಯಾರಿಸಿ ಪ್ರಸಾರ ಮಾಡುವಂತಿಲ್ಲ. ಆಕಾಶವಾಣಿಯ ಸುದ್ದಿಯನ್ನು ಬದಲಿಸದೆ ಮರುಪ್ರಸಾರ ಮಾಡಬಹುದು. ಸಂಚಾರ, ಹವಾಮಾನ, ಪರೀಕ್ಷಾ ಫಲಿತಾಂಶದಂಥ ಮಾಹಿತಿಗೆ ಅಡ್ಡಿಯಿಲ್ಲ. ಆಕಾಶವಾಣಿಯ ಪ್ರಾದೇಶಿಕ ಸುದ್ದಿ ವಿಭಾಗಗಳು ಆಗಾಗ ತಾತ್ಕಾಲಿಕ ಸುದ್ದಿವಾಚಕ-ಅನುವಾದಕರನ್ನು ಕರೆಯುತ್ತವೆ. ಲಿಖಿತ ಪರೀಕ್ಷೆ, ಧ್ವನಿ ಪರೀಕ್ಷೆ ಎರಡೂ ಇರುತ್ತವೆ. ಒಳ್ಳೆಯ ದನಿ ಇದ್ದು ಅನುವಾದ ಬಾರದವರಿಗೆ ಕಷ್ಟ.

## ಕೆಲಸಕ್ಕೆ ಸೇರಿದ ಮೇಲೆ

ಅಪರಾಧ, ಕೋರ್ಟ್ ಸುದ್ದಿಯಲ್ಲಿ ಪದಗಳು ಗೊಂದಲ. ಯಾವುದಕ್ಕೆ ಯಾವುದು?

ತೀರ್ಪು ಬರುವವರೆಗೆ ಆರೋಪಿ. ತಪ್ಪಿತಸ್ಥ ಎಂದು ನ್ಯಾಯಾಲಯ ಹೇಳಿದ ಮೇಲೆ ಅಪರಾಧಿ. ವಿಚಾರಣೆಗೆ ಕರೆದೊಯ್ದರೆ ಅದು ಬಂಧನವಲ್ಲ. ಪೊಲೀಸ್ ಕಸ್ಟಡಿ ಎಂದರೆ ಠಾಣೆಯಲ್ಲಿ, ನ್ಯಾಯಾಂಗ ಬಂಧನ ಎಂದರೆ ಜೈಲಿನಲ್ಲಿ. ಎಫ್‌ಐಆರ್ ಎಂದರೆ ದೂರು ದಾಖಲಾಗಿದೆ ಎಂದಷ್ಟೇ, ಸಾಬೀತಾಗಿದೆ ಎಂದಲ್ಲ. 2024ರ ಜುಲೈ 1ರಿಂದ ಹೊಸ ಪ್ರಕರಣಗಳಿಗೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್‌ಗಳು ಬರುತ್ತವೆ. ಕೊಲೆಗೆ 302 ಅಲ್ಲ, 103. ಅದಕ್ಕೂ ಹಿಂದಿನ ಕೃತ್ಯಗಳ ಪ್ರಕರಣಗಳಲ್ಲಿ ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) ಸಂಖ್ಯೆಯೇ ಇರುತ್ತದೆ, ಅದನ್ನು ತಿದ್ದಲು ಹೋಗಬೇಡಿ.

“ಧಾರವಾಡ ಹೈಕೋರ್ಟ್” ಎಂಬುದಿಲ್ಲ. ಹೈಕೋರ್ಟ್‌ನ ಧಾರವಾಡ ಪೀಠ, ಕಲಬುರಗಿ ಪೀಠ. ವಿಚಾರಣೆ ವೇಳೆ ನ್ಯಾಯಮೂರ್ತಿ ಆಡಿದ ಮಾತು ಆದೇಶವಲ್ಲ. “ಮೌಖಿಕವಾಗಿ ಹೇಳಿದರು” ಎಂದು ಬರೆಯಿರಿ.

ಸಂತ್ರಸ್ತೆಯ ಹೆಸರು ಹಾಕದಿದ್ದರೆ ಸಾಕಾ?

ಸಾಲದು. ಗುರುತು ಸಿಗುವ ಯಾವುದನ್ನೂ ಹಾಕುವಂತಿಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಪ್ರಕರಣದಲ್ಲಿ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಹೆಸರು, ವಿಳಾಸ, ಫೋಟೊ, ಕುಟುಂಬದ ವಿವರ, ಶಾಲೆ, ನೆರೆಹೊರೆ ಎಲ್ಲವನ್ನೂ ನಿಷೇಧಿಸುತ್ತದೆ. ಉಲ್ಲಂಘಿಸಿದರೆ ಆರು ತಿಂಗಳಿನಿಂದ ಒಂದು ವರ್ಷದವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ವಯಸ್ಕರ ವಿಷಯದಲ್ಲಿ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಇದೆ.

ಸಾಮಾನ್ಯವಾಗಿ ಗುರುತು ಸೋರುವುದು ಹೀಗೆ: ಹೆಸರು ಬಿಟ್ಟಿರುತ್ತಾರೆ, ಆದರೆ ಆರೋಪಿ ಬಾಲಕಿಯ ಮಲತಂದೆ ಎಂದು ಹೇಳಿ ಅವನ ಹೆಸರು, ಊರು ಕೊಟ್ಟಿರುತ್ತಾರೆ. ಸಣ್ಣ ಊರಿನಲ್ಲಿ ಅಷ್ಟು ಸಾಕು. ಸಂಬಂಧ ಹೇಳುವುದಾದರೆ ಆರೋಪಿಯ ಹೆಸರು ಬಿಡಿ. ಟಿ.ವಿ.ಯಲ್ಲಿ ಮುಖ ಮಸುಕು ಮಾಡಿ ಮನೆಯ ಬಾಗಿಲು ತೋರಿಸಿದರೂ, ತಾಯಿಯ ಧ್ವನಿ ಕೇಳಿಸಿದರೂ ತಪ್ಪೇ.

ಆತ್ಮಹತ್ಯೆ ಸುದ್ದಿ ಹೇಗೆ ಬರೆಯಬೇಕು?

ವಿಧಾನ, ಸಾಧನ, ಜಾಗದ ವಿವರ ಬೇಡ. ಪತ್ರದ ಸಾಲುಗಳು ಬೇಡ. “ಕಡಿಮೆ ಅಂಕ ಬಂದದ್ದಕ್ಕೆ”, “ಸಾಲಕ್ಕೆ” ಎಂದು ಒಂದೇ ಕಾರಣ ಕಟ್ಟಬೇಡಿ. ಕಾರಣ ಒಂದೇ ಇರುವುದು ಅಪರೂಪ, ಮತ್ತು ಅದೇ ಸ್ಥಿತಿಯಲ್ಲಿರುವ ಇನ್ನೊಬ್ಬರು ಓದುತ್ತಿರುತ್ತಾರೆ. ಕೊನೆಯಲ್ಲಿ ಟೆಲಿ ಮಾನಸ್ ಸಹಾಯವಾಣಿ 14416 ಕೊಡಿ. ಕನ್ನಡದಲ್ಲೂ ಮಾತನಾಡುತ್ತಾರೆ.

ಇಲಾಖೆಯವರು ಮಾಹಿತಿ ಕೊಡಲ್ಲ. ಆರ್‌ಟಿಐ ಹಾಕಿದರೆ ಸುದ್ದಿಗೆ ಉಪಯೋಗ ಆಗುತ್ತಾ?

ನಾಳೆಯ ಸುದ್ದಿಗೆ ಆಗುವುದಿಲ್ಲ. ಉತ್ತರಕ್ಕೆ 30 ದಿನದ ಅವಧಿ ಇದೆ. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು. ಶುಲ್ಕ 10 ರೂಪಾಯಿ. “ರಸ್ತೆ ಏಕೆ ಹಾಳಾಯಿತು?” ಎಂದು ಕೇಳಿದರೆ ಉತ್ತರ ಬರುವುದಿಲ್ಲ. “ಇಂಥ ರಸ್ತೆಯ ಕಾಮಗಾರಿ ಆದೇಶ, ಅಳತೆ ಪುಸ್ತಕ, ಅಂತಿಮ ಬಿಲ್‌ನ ಪ್ರತಿ ಕೊಡಿ” ಎಂದು ದಾಖಲೆಯನ್ನೇ ಹೆಸರಿಸಿ ಕೇಳಿ. ಅಳತೆ ಪುಸ್ತಕದಲ್ಲಿ ಡಾಂಬರಿನ ದಪ್ಪ ಬರೆದಿರುತ್ತದೆ. ರಸ್ತೆಗೆ ಹೋಗಿ ಸ್ಕೇಲ್ ಇಟ್ಟು ನೋಡಬಹುದು. ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ಎಐ ಅನುವಾದ ಮಾಡಿಕೊಡುತ್ತೆ, ಓದಿಯೂ ಕೊಡುತ್ತೆ. ಬಳಸಬಹುದಾ?

ಕರಡಿಗೆ ಬಳಸಬಹುದು, ಪ್ರಕಟಣೆಗೆ ಹಾಗೇ ಕಳಿಸುವಂತಿಲ್ಲ. ಯಂತ್ರದ ಕನ್ನಡದಲ್ಲಿ ವಾಕ್ಯ ನುಣುಪಾಗಿ ಬರುವುದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ವ್ಯಕ್ತಿ, ಊರಿನ ಹೆಸರಿನ ದೀರ್ಘ-ಹ್ರಸ್ವ, ಬಂಧನ-ವಶ, ಆರೋಪಿ-ಅಪರಾಧಿ, ಲಕ್ಷ-ಮಿಲಿಯನ್ ಲೆಕ್ಕ ಈ ನಾಲ್ಕನ್ನು ಮೂಲದ ಜೊತೆ ಬೆರಳಿಟ್ಟು ತಾಳೆ ನೋಡಿ. ಹತ್ತು ಮಿಲಿಯನ್ ಎಂದರೆ ಒಂದು ಕೋಟಿ. ಮೂಲದಲ್ಲಿಲ್ಲದ ಒಂದು ವಾಕ್ಯವೂ ಸೇರಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಇನ್ನೂ ಪ್ರಕಟವಾಗದ ದೂರಿನ ಪ್ರತಿ, ಸಂತ್ರಸ್ತರ ಹೇಳಿಕೆಗಳನ್ನು ಅಂಥ ತಾಣಗಳಿಗೆ ಹಾಕಬಾರದು.

ತಪ್ಪು ಅಚ್ಚಾಗಿಬಿಟ್ಟಿದೆ. ಈಗೇನು?

ಮೊದಲು ಸಂಪಾದಕರಿಗೆ ತಿಳಿಸಿ, ದೂರು ಬರುವವರೆಗೆ ಕಾಯಬೇಡಿ. ತಿದ್ದುಪಡಿಯಲ್ಲಿ ಯಾವ ದಿನ, ಯಾವ ಪುಟ, ಏನು ತಪ್ಪಾಗಿತ್ತು, ಸರಿ ಯಾವುದು ಎಂಬ ನಾಲ್ಕೂ ಇರಲಿ. ಆರೋಪವನ್ನೇ ಮತ್ತೆ ವಿವರವಾಗಿ ಬರೆದು ಎರಡನೇ ಸಲ ಹರಡಬೇಡಿ. ಜಾಲತಾಣದ ಪ್ರತಿಯನ್ನು ಸದ್ದಿಲ್ಲದೆ ಬದಲಿಸದೆ ಕೆಳಗೆ ತಿದ್ದಿದ ದಿನಾಂಕ ಹಾಕಿ. ವಾಟ್ಸ್‌ಆ್ಯಪ್, ಯೂಟ್ಯೂಬ್ ತುಣುಕುಗಳಲ್ಲೂ ಅದೇ ತಪ್ಪು ಓಡಾಡುತ್ತಿರುತ್ತದೆ; ಅವನ್ನೂ ಹುಡುಕಿ ಬದಲಿಸಿ. ಸುದ್ದಿಮನೆಯ ಕಂಪ್ಯೂಟರಿನಲ್ಲಿರುವ ಹಳೆಯ ಕಡತಕ್ಕೂ ತಿದ್ದುಪಡಿ ಲಗತ್ತಿಸಿ, ಇಲ್ಲದಿದ್ದರೆ ಮುಂದಿನ ವರ್ಷ ಹಿನ್ನೆಲೆ ಬರೆಯುವವರು ಅದನ್ನೇ ಎತ್ತಿಕೊಳ್ಳುತ್ತಾರೆ.